ದೃಗ್ಗಣಿತದ ಪರಮೇಶ್ವರ

ಮಳೆಗಾಲದಲ್ಲಿ ಐವತ್ತೆರಡು ದಿನ ಕೇರಳದ ಕಡಲಿನಲ್ಲಿ ಟ್ರಾಲಿಂಗ್ ಬೋಟುಗಳು ಓಡುವುದಿಲ್ಲ ಎಂಬುದನ್ನು ನಮ್ಮ ಕರಾವಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜುಲೈ 31ರ ನಡುರಾತ್ರಿ ಆ ನಿಷೇಧ ಮುಗಿಯುತ್ತದೆ. ಬಲೆ, ಡೀಸೆಲ್, ಐಸ್ ಎಲ್ಲವನ್ನೂ ತುಂಬಿಸಿಕೊಂಡು ಹೊರಟ ಬೋಟಿನವರು ಚುಕ್ಕಾಣಿಯ ಬಳಿ ಇರುವ ಒಂದು ಚಿಕ್ಕ ಪೆಟ್ಟಿಗೆಯ ಗುಂಡಿ ಒತ್ತುತ್ತಾರೆ. ಅದು ಜಿ.ಪಿ.ಎಸ್. ಪೆಟ್ಟಿಗೆ. ಆಕಾಶದ ಉಪಗ್ರಹಗಳ ಸಂಕೇತವನ್ನು ಹಿಡಿದು ಬೋಟು ಎಲ್ಲಿದೆ ಎಂದು ಅದು ಹೇಳುತ್ತದೆ. ಆದರೆ ಐವತ್ತೆರಡು ದಿನ ಮಲಗಿದ್ದ ಪೆಟ್ಟಿಗೆ ಗುಂಡಿ ಒತ್ತಿದ ಕ್ಷಣವೇ ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಕೆಲವೊಮ್ಮೆ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕಿಂತ ಎಷ್ಟೋ ಹೆಚ್ಚು. ಮೊನ್ನೆ ಮೊನ್ನೆ ತನಕ ಸರಿಯಾಗಿದ್ದ ಪೆಟ್ಟಿಗೆಗೆ ಏನಾಯಿತು? ಹಾಳಾಗಿದೆಯೇ?

ಹಾಳಾಗಿಲ್ಲ. ಅದರ ಹೊಟ್ಟೆಯೊಳಗಿನ ಪಂಚಾಂಗ ಹಳತಾಗಿದೆ, ಅಷ್ಟೆ. ಅದು ಆಕಾಶವನ್ನು ಕೇಳಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತಿದೆ.

ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವವರು ನಮ್ಮ ಕೇರಳದಲ್ಲೇ ಆರುನೂರು ವರ್ಷಗಳ ಹಿಂದೆ ಬಾಳಿದ ಒಬ್ಬ ಮಹನೀಯರು. ಹಳತಾದ ಲೆಕ್ಕವನ್ನು ಆಕಾಶ ನೋಡಿ ತಿದ್ದುವುದೇ ಅವರ ಬಾಳಿನ ಕೆಲಸವಾಗಿತ್ತು. ಅವರ ಹೆಸರು ವಟಶ್ಶೇರಿ ಪರಮೇಶ್ವರ ನಂಬೂದಿರಿ. ಭಾರತದ ಗಣಿತದ ಚರಿತ್ರೆಯನ್ನು ಓದಿದವರಿಗೆಲ್ಲ ಚಿರಪರಿಚಿತವಾದ ಹೆಸರು ಇದು. ನಮ್ಮ ಮಕ್ಕಳಿಗೆ ಮಾತ್ರ ಅಷ್ಟು ಪರಿಚಯವಿಲ್ಲ. ಆದುದರಿಂದ ಈ ಲೇಖನ.

ಪರಮೇಶ್ವರರು ಹುಟ್ಟಿದ್ದು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ. ಊರು ಅಶ್ವತ್ಥಗ್ರಾಮ. ನಾವು ಭಾರತಪ್ಪುಳ ಎಂದು ಭೂಗೋಳದ ಪಾಠದಲ್ಲಿ ಕಲಿತ ನದಿಗೆ ಹಿಂದಿನವರು ನಿಳಾ ಎನ್ನುತ್ತಿದ್ದರು. ಆ ನದಿ ಅರಬ್ಬೀ ಸಮುದ್ರವನ್ನು ಸೇರುವ ಕಡೆ, ಅದರ ಉತ್ತರ ದಡದ ಸೀಮೆಯಲ್ಲಿ ವಟಶ್ಶೇರಿ ಎಂಬ ಮನೆತನ. ಆ ಕಾಲದಲ್ಲಿ ಆ ನದಿಯ ಆಸುಪಾಸಿನ ಮನೆಗಳಲ್ಲಿ ಗಣಿತವೂ ಖಗೋಳಶಾಸ್ತ್ರವೂ ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಹರಿದು ಬರುತ್ತಿದ್ದವು. ಶಾಲೆಯ ಕಟ್ಟಡವಿಲ್ಲ, ಕರಿಹಲಗೆಯಿಲ್ಲ. ತಾಳೆಗರಿಯ ಗ್ರಂಥ, ಎಣಿಸಲು ಕವಡೆ, ನೆರಳು ಅಳೆಯಲು ನೆಟ್ಟ ಒಂದು ಕಂಬ. ಪರಮೇಶ್ವರರಿಗೆ ರುದ್ರ, ನಾರಾಯಣ ಎಂಬ ಗುರುಗಳಿದ್ದರು. ಮಿಗಿಲಾಗಿ ಸಂಗಮಗ್ರಾಮದ ಮಾಧವರಿಂದ ಕಲಿಯುವ ಭಾಗ್ಯ ಅವರದಾಗಿತ್ತು. ವೃತ್ತದ ಪರಿಧಿಯನ್ನು ಕೊನೆಯಿಲ್ಲದ ಶ್ರೇಢಿಯಿಂದ ಲೆಕ್ಕ ಹಾಕುವ ದಾರಿಯನ್ನು ಯುರೋಪಿನವರಿಗಿಂತ ಎರಡೂವರೆ ಶತಮಾನ ಮೊದಲೇ ಕಂಡ ಮಹಾಮೇಧಾವಿ ಈ ಮಾಧವ. ಅಂಥವರ ಬಳಿ ಕಲಿತ ಹುಡುಗ ಲೆಕ್ಕದಲ್ಲಿ ಗಟ್ಟಿಗನಾದುದು ಆಶ್ಚರ್ಯವಲ್ಲ. ಆ ಹುಡುಗನಿಗೆ ಲೆಕ್ಕದಷ್ಟೇ ಕಣ್ಣಿನ ಮೇಲೂ ನಂಬಿಕೆ ಬಂತು ಎಂಬುದೇ ವಿಶೇಷ.

ಆ ಕಾಲದಲ್ಲಿ ಕೇರಳದಲ್ಲೆಲ್ಲ ನಡೆಯುತ್ತಿದ್ದ ಲೆಕ್ಕದ ಪದ್ಧತಿಗೆ ಪರಹಿತ ಎಂದು ಹೆಸರು. ಕ್ರಿ.ಶ. 499ರಲ್ಲಿ ಆರ್ಯಭಟರು ಗ್ರಹಗಳ ಗತಿಗೆ ಕೆಲವು ಸಂಖ್ಯೆಗಳನ್ನು ಕೊಟ್ಟಿದ್ದರು. ಸೂರ್ಯ, ಚಂದ್ರ, ಮಂಗಳ, ಗುರು ಮುಂತಾದವು ಒಂದು ಯುಗದಲ್ಲಿ ಇಷ್ಟಿಷ್ಟು ಸುತ್ತು ಬರುತ್ತವೆ ಎಂಬ ಲೆಕ್ಕ ಅದು. ಅದರಿಂದ ಬಂದ ಸ್ಥಾನವನ್ನು ಆಕಾಶಕ್ಕೆ ಹೊಂದಿಸಲು 683ರಲ್ಲಿ ಹರಿದತ್ತ ಎಂಬವರು ತಿದ್ದುಪಡಿಗಳನ್ನು ಸೇರಿಸಿ ಪರಹಿತವನ್ನು ರೂಪಿಸಿದರು. ನಿಳಾ ದಡದ ತಿರುನಾವಾಯದಲ್ಲಿ, ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಾಮಾಂಕ ಉತ್ಸವದ ಸಂದರ್ಭದಲ್ಲಿ ಅದನ್ನು ಸಾರಿದರೆಂದು ಸಂಪ್ರದಾಯ ಹೇಳುತ್ತದೆ. ಸುಲಭವಾದ ಪದ್ಧತಿ ಅದು. ಜನರಿಗೆ ಹಿತವಾದುದರಿಂದಲೇ ಪರಹಿತ.

ಅದರ ಸಂಖ್ಯೆಗಳನ್ನು ನೆನಪಿಡುವ ಉಪಾಯವೂ ಸೊಗಸಾದುದು. ಕಟಪಯಾದಿ ಎಂಬ ಆ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕೆ. ಕ, ಟ, ಪ, ಯ ನಾಲ್ಕೂ ಒಂದು. ಅಲ್ಲಿಂದ ಮುಂದೆ ವರ್ಣಮಾಲೆಯ ಕ್ರಮದಲ್ಲಿ ಎಣಿಸುತ್ತ ಹೋಗುವುದು, ಓದುವಾಗ ಬಲದಿಂದ ಎಡಕ್ಕೆ ಬರೆದುಕೊಳ್ಳುವುದು. ಜಯ ಎಂಬ ಶಬ್ದದಲ್ಲಿ ಜ ಎಂಟು, ಯ ಒಂದು, ತಿರುಗಿಸಿದರೆ 18. ರಾಮ ಎಂದರೆ ರ ಎರಡು, ಮ ಐದು, ತಿರುಗಿಸಿದರೆ 52. ನಮ್ಮ ಬೋಟುಗಳ ರಜೆಯ ದಿನಗಳನ್ನು ಯಾರಾದರೂ ರಾಮ ಎಂದು ನೆನಪಿಟ್ಟುಕೊಳ್ಳಬಹುದು! ಗ್ರಹಗಳ ಉದ್ದುದ್ದದ ಕೋಷ್ಟಕಗಳನ್ನು ಹೀಗೆ ಮಾತುಗಳಾಗಿ ಮಾಡಿ ಬಾಯಿಪಾಠ ಮಾಡುತ್ತಿದ್ದರು. ಆರ್ಯಭಟರೂ ಬೇರೊಂದು ರೀತಿಯಲ್ಲಿ ಅಕ್ಷರಗಳಲ್ಲೇ ಅಂಕೆಗಳನ್ನು ಅಡಗಿಸಿದ್ದರು.

ಇಂಥ ಲೆಕ್ಕಕ್ಕೆ ಒಂದು ಶತ್ರು ಇದೆ. ಅದು ಕಾಲ. ಉದಾಹರಣೆಗೆ ಒಂದು ಕಲ್ಪನೆ ಮಾಡಿ ನೋಡೋಣ. ಆಕಾಶದ ವೃತ್ತಕ್ಕೆ 360 ಅಂಶ, ಒಂದು ಅಂಶಕ್ಕೆ 60 ಕಲೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 30 ಕಲೆ. ಒಂದು ಪದ್ಧತಿಯ ಲೆಕ್ಕ ಹತ್ತು ವರ್ಷಕ್ಕೆ ಒಂದೇ ಒಂದು ಕಲೆಯಷ್ಟು ತಪ್ಪುತ್ತದೆ ಎಂದಿಟ್ಟುಕೊಳ್ಳಿ. ಒಬ್ಬ ಮನುಷ್ಯ ಅರುವತ್ತು ವರ್ಷ ಲೆಕ್ಕ ಹಾಕಿದರೂ ತಪ್ಪು ಆರೇ ಕಲೆ, ಯಾರಿಗೂ ಗೊತ್ತಾಗದು. ಆದರೆ 750 ವರ್ಷಗಳಾದಾಗ ಅದು 75 ಕಲೆ, ಅಂದರೆ ಎರಡೂವರೆ ಚಂದ್ರಬಿಂಬದಷ್ಟು ದೂರ! ಚಂದ್ರ ಸೂರ್ಯನಿಗಿಂತ ಗಂಟೆಗೆ ಸುಮಾರು 30 ಕಲೆ ಮುಂದೆ ಹೋಗುತ್ತಾನೆ. ಹಾಗಾದರೆ ಗ್ರಹಣದ ಹೊತ್ತು ಎರಡೂವರೆ ಗಂಟೆ ಹಿಂದೆಮುಂದಾಗುತ್ತದೆ. ಸ್ನಾನ, ಜಪ, ಉಪವಾಸ ಎಂದು ಊರಿಗೆ ಊರೇ ಕಾದು ಕುಳಿತಿರುವಾಗ ಚಂದ್ರ ಹೊಳೆಯುತ್ತಲೇ ಇದ್ದರೆ ಗಣಿತದವನ ಮುಖ ಏನಾಗಬೇಕು?

ಹರಿದತ್ತರಿಂದ ಪರಮೇಶ್ವರರಿಗೆ ಹೆಚ್ಚುಕಡಿಮೆ ಅಷ್ಟೇ ವರ್ಷಗಳ ಅಂತರ. ಪರಹಿತದ ಲೆಕ್ಕಕ್ಕೂ ಆಕಾಶದಲ್ಲಿ ಕಾಣುವುದಕ್ಕೂ ಹೊಂದಾಣಿಕೆ ತಪ್ಪಿದೆ ಎಂದು ಅವರಿಗೆ ಮನವರಿಕೆಯಾಯಿತು. ಇಂಥಲ್ಲಿ ಸಂಪ್ರದಾಯಸ್ಥ ಮನೆತನದ ಪಂಡಿತನಿಗೆ ಎರಡು ದಾರಿ. ಹಿರಿಯರ ಸಂಖ್ಯೆ ಸುಳ್ಳಾಗಲಾರದು ಎಂದು ಕಣ್ಣು ಮುಚ್ಚಿಕೊಳ್ಳುವುದು ಒಂದು. ಅದರಲ್ಲಿ ಮರ್ಯಾದೆಗೆ ಕುಂದಿಲ್ಲ, ಜಗಳವೂ ಇಲ್ಲ. ಪರಮೇಶ್ವರರು ಎರಡನೆಯ ದಾರಿಯನ್ನು ಹಿಡಿದರು. ಒಂದು ಗ್ರಹಣ ತಪ್ಪಿತೆಂದು ಅವಸರದಲ್ಲಿ ಸಂಖ್ಯೆಯನ್ನು ಬದಲಿಸಲೂ ಇಲ್ಲ. ನೋಡುತ್ತ, ಬರೆದಿಡುತ್ತ ಹೋದರು. ಐವತ್ತೈದು ವರ್ಷ ಅವರು ಹೀಗೆ ಆಕಾಶವನ್ನು ಪರೀಕ್ಷಿಸಿದರೆಂದು ಅವರ ಪರಂಪರೆಯ ನೀಲಕಂಠ ಸೋಮಯಾಜಿಗಳು ದಾಖಲಿಸಿದ್ದಾರೆ.

ಅವರು ಮುಖ್ಯವಾಗಿ ಹಿಡಿದದ್ದು ಗ್ರಹಣಗಳನ್ನು. ಏಕೆಂದರೆ ಗ್ರಹಣವೆಂಬುದು ಆಕಾಶವೇ ನಮಗೆ ಕೊಡುವ ಅಳತೆಗೋಲು. ಚಂದ್ರಗ್ರಹಣದ ನಡುಹೊತ್ತಿನಲ್ಲಿ ಚಂದ್ರನು ಸೂರ್ಯನಿಗೆ ನೇರ ಎದುರಿನಲ್ಲಿರುತ್ತಾನೆ. ಸೂರ್ಯ ಎಲ್ಲಿದ್ದಾನೆಂದು ಗೊತ್ತಿದ್ದರೆ ಚಂದ್ರ ಎಲ್ಲಿದ್ದಾನೆಂದು ಯಾವ ಯಂತ್ರವೂ ಇಲ್ಲದೆ ತಿಳಿಯುತ್ತದೆ. ಬೇಕಾದುದು ಸರಿಯಾದ ಹೊತ್ತು ಮಾತ್ರ. ಆ ಕಾಲದಲ್ಲಿ ಹೊತ್ತನ್ನು ಹಗಲಿನಲ್ಲಿ ನೆರಳಿನಿಂದಲೂ, ರಾತ್ರಿಯಲ್ಲಿ ನಕ್ಷತ್ರಗಳ ಎತ್ತರದಿಂದಲೂ, ತೂತಿನ ಬಟ್ಟಲು ನೀರಿನಲ್ಲಿ ಮುಳುಗುವ ಗಳಿಗೆಗಳಿಂದಲೂ ಅಳೆಯುತ್ತಿದ್ದರು. ಸ್ಪರ್ಶ ಯಾವಾಗ, ಮೋಕ್ಷ ಯಾವಾಗ, ಬಿಂಬದ ಎಷ್ಟು ಭಾಗ ಮರೆಯಾಯಿತು ಎಂಬುದನ್ನು ಗುರುತಿಸಿ, ಲೆಕ್ಕದಿಂದ ಬಂದ ಉತ್ತರದ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಕರಾವಳಿಯ ಮಳೆಯನ್ನು ಬಲ್ಲವರಿಗೆ ಇದರ ಕಷ್ಟ ಅರ್ಥವಾದೀತು. ಆಟಿಯಲ್ಲಿ ಬಂದ ಗ್ರಹಣವನ್ನು ಮೋಡದ ಹಿಂದೆ ಯಾರು ನೋಡಬಲ್ಲರು? ಒಂದು ಕೈತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು.

ತಾವು ಕಂಡ ಗ್ರಹಣಗಳಲ್ಲಿ ಕೆಲವನ್ನು ಪರಮೇಶ್ವರರು ಸಿದ್ಧಾಂತದೀಪಿಕೆ ಎಂಬ ತಮ್ಮ ವ್ಯಾಖ್ಯಾನದಲ್ಲಿ ದಾಖಲಿಸಿದ್ದಾರೆ. ಅವುಗಳ ಪೈಕಿ ಕೊನೆಯದು 1432ರದ್ದು. ಎಲ್ಲಿ ನಿಂತು ನೋಡಿದರೆಂಬುದನ್ನೂ ಹೇಳುತ್ತಾರೆ. ನಿಳಾ ನದಿ ಕಡಲು ಸೇರುವ ಸ್ಥಳ ಒಂದು. ಇನ್ನೊಂದು ಗೋಕರ್ಣ. ನೋಡುವ ಊರು ಬದಲಾದರೆ ಗ್ರಹಣದ ಹೊತ್ತೂ ಸೂರ್ಯಗ್ರಹಣದ ಪ್ರಮಾಣವೂ ಬದಲಾಗುವುದರಿಂದ ಸ್ಥಳದ ಹೆಸರಿಲ್ಲದ ದಾಖಲೆಗೆ ಬೆಲೆಯಿಲ್ಲ. ನಿಳಾ ದಡದಿಂದ ಗೋಕರ್ಣಕ್ಕೆ ಹೋಗುವವರು ನಡೆದು ಹೋಗಲಿ, ಹಡಗಿನಲ್ಲಿ ಹೋಗಲಿ, ಕರಾವಳಿ ಹಿಡಿದೇ ಹೋಗಬೇಕಷ್ಟೆ. ಹಾಗಾದರೆ ಕುಂಬಳೆ, ಶಿರಿಯ, ಮಂಜೇಶ್ವರಗಳ ಪಕ್ಕದಲ್ಲೇ ಅವರು ಹಾದುಹೋಗಿರಬೇಕು. ಇದು ನನ್ನ ಊಹೆಯಾದರೂ ಹಾಗೆಂದುಕೊಳ್ಳಲು ಸಂತೋಷವಾಗುತ್ತದೆ.

ಗ್ರಹಣದ ಮಾತು ಬಂದಾಗ ತಂದೆತಾಯಂದಿರಿಗೆ 2019ನೇ ಡಿಸೆಂಬರ್ 26 ನೆನಪಾಗಬಹುದು. ಕ್ರಿಸ್ಮಸ್ ರಜೆಯ ಆ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ನಮ್ಮ ಜಿಲ್ಲೆಯಲ್ಲಿ ಸೂರ್ಯ ಬಳೆಯಂತೆ ಕಂಡನು. ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಬಳೆ ಯಾವ ಊರಿನಲ್ಲಿ ಯಾವ ನಿಮಿಷಕ್ಕೆ ಕಾಣುತ್ತದೆಂದು ಪತ್ರಿಕೆಗಳಲ್ಲಿ ಮುಂಚಿತವಾಗಿಯೇ ಬಂದಿತ್ತು, ಹಾಗೆಯೇ ಆಯಿತು. ಯಾರೂ ಬೆರಗಾಗಲಿಲ್ಲ. ಪರಮೇಶ್ವರರ ಕಾಲದಲ್ಲಿ ಅಷ್ಟು ನಿಶ್ಚಯ ಯಾರಿಗೂ ಇರಲಿಲ್ಲ.

ಹೀಗೆ ನೋಡಿ ನೋಡಿ ಹಣ್ಣಾದ ಮೇಲೆ 1431ರಲ್ಲಿ, ಅಂದರೆ ಶಾಲಿವಾಹನ ಶಕ 1353ರಲ್ಲಿ, ಅವರು ದೃಗ್ಗಣಿತ ಎಂಬ ಗ್ರಂಥವನ್ನು ರಚಿಸಿದರು. ದೃಕ್ ಎಂದರೆ ನೋಟ; ನೋಟಕ್ಕೆ ಒಪ್ಪುವ ಗಣಿತವೇ ದೃಗ್ಗಣಿತ. ಆರ್ಯಭಟರ ಚೌಕಟ್ಟನ್ನು ಅವರು ಕಿತ್ತೆಸೆಯಲಿಲ್ಲ. ಗ್ರಹಗಳ ಗತಿಯ ಸಂಖ್ಯೆಗಳನ್ನು ಮತ್ತು ಆ ಗತಿ ಒಮ್ಮೆ ಚುರುಕಾಗಿ ಒಮ್ಮೆ ನಿಧಾನವಾಗಿ ಕಾಣುವುದನ್ನು ಸರಿದೂಗಿಸುವ ಸಂಖ್ಯೆಗಳನ್ನು ತಿದ್ದಿದರು. ಮನೆಯನ್ನು ಕೆಡವದೆ ಗೆದ್ದಲು ಹಿಡಿದ ಪಕ್ಕಾಸುಗಳನ್ನು ಮಾತ್ರ ಬದಲಿಸಿದ ಹಾಗೆ. ಗ್ರಂಥದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಬಲ್ಲವರಿಗೆ. ಎರಡನೆಯದರಲ್ಲಿ ಅದೇ ವಿಷಯವನ್ನು ಕಲಿಯುವ ಮಕ್ಕಳಿಗಾಗಿ ಸಂಕ್ಷೇಪಿಸಿ, ಕಟಪಯಾದಿಯ ಸುಲಭ ಶಬ್ದಗಳಲ್ಲಿ ಹೇಳಿದ್ದಾರೆ. ದೊಡ್ಡ ವಿದ್ವಾಂಸರಾಗಿದ್ದೂ ಮಕ್ಕಳಿಗೆಂದು ಇನ್ನೊಮ್ಮೆ ಕುಳಿತು ಬರೆದರಲ್ಲ, ಮೇಷ್ಟ್ರ ಕೆಲಸ ಮಾಡುವ ನನಗೆ ಇದು ಬಹಳ ಹಿಡಿಸಿದೆ.

ಇನ್ನು ಬೋಟಿನ ಪೆಟ್ಟಿಗೆಗೆ ಮರಳೋಣ. ಅದು ಸುಮ್ಮನಿದ್ದಾಗ ಮಾಡುತ್ತಿದ್ದುದೇನು?

ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಹನ್ನೆರಡು ಗಂಟೆಗೆ ಎರಡು ನಿಮಿಷ ಕಡಿಮೆ ಇರುವಷ್ಟು ಹೊತ್ತಿನಲ್ಲಿ ಒಂದು ಸುತ್ತು ಬರುತ್ತವೆ. ಅವುಗಳ ಸಂಕೇತ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ವ್ಯತ್ಯಾಸದಿಂದ ಪೆಟ್ಟಿಗೆ ಉಪಗ್ರಹದ ದೂರವನ್ನು ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕಿದರೆ ತಾನೆಲ್ಲಿದ್ದೇನೆಂದು ಲೆಕ್ಕ ಮಾಡಬಹುದು. ಆದರೆ ದೂರ ಗೊತ್ತಾದರೆ ಸಾಲದು. ಆ ಉಪಗ್ರಹ ಆ ಕ್ಷಣ ಆಕಾಶದಲ್ಲಿ ಎಲ್ಲಿತ್ತೆಂಬುದೂ ಗೊತ್ತಿರಬೇಕು. ಕ್ಷಣಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ಓಡುವ ವಸ್ತು ಅದು. ಅದರ ಸ್ಥಾನವನ್ನು ಯಾರು ಹೇಳಬೇಕು?

ಉಪಗ್ರಹವೇ ಹೇಳುತ್ತದೆ. ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರಗಳ ಭಾಷೆಯಲ್ಲಿ, ಸೆಕೆಂಡಿಗೆ 50 ಅಕ್ಷರದಂತೆ, ಬಹಳ ನಿಧಾನವಾಗಿ. ಅದರ ಸಂದೇಶದ ಒಂದು ಕಂತು ಮುಗಿಯಲು 30 ಸೆಕೆಂಡು ಬೇಕು. ಕಂತಿನ ಮೊದಲ 18 ಸೆಕೆಂಡಿನಲ್ಲಿ ಆ ಉಪಗ್ರಹ ತನ್ನ ಗಡಿಯಾರದ ತಿದ್ದುಪಡಿಯನ್ನೂ ತನ್ನ ಸ್ವಂತ ಕಕ್ಷೆಯ ನಿಖರವಾದ ವಿವರವನ್ನೂ ಹೇಳುತ್ತದೆ. ಇದಕ್ಕೆ ಎಫಿಮೆರಿಸ್ ಎಂದು ಹೆಸರು. ಉಳಿದ 12 ಸೆಕೆಂಡಿನ ಹೆಚ್ಚಿನ ಭಾಗದಲ್ಲಿ ಉಪಗ್ರಹಗಳೆಲ್ಲದರ ಒರಟು ಪಟ್ಟಿಯ ಒಂದು ತುಣುಕು ಬರುತ್ತದೆ. ಈ ಪಟ್ಟಿಗೆ ಅಲ್ಮನಾಕ್ ಎನ್ನುತ್ತಾರೆ; ನಮ್ಮ ಭಾಷೆಯಲ್ಲಿ ಪಂಚಾಂಗ ಎಂದರೆ ತಪ್ಪಾಗದು. ಇಂಥ 25 ಕಂತು ಕೇಳಿದರೆ, ಅಂದರೆ ಹನ್ನೆರಡೂವರೆ ನಿಮಿಷವಾದರೆ, ಪಟ್ಟಿ ಪೂರ್ತಿಯಾಗುತ್ತದೆ.

ಪಟ್ಟಿ ಒರಟಾದರೂ ವಾರಗಟ್ಟಲೆ, ತಿಂಗಳುಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಯಾವ ಉಪಗ್ರಹ ಈಗ ಪೂರ್ವದಲ್ಲಿ ಮೇಲೇರುತ್ತಿದೆ, ಯಾವುದು ಕಡಲಿನತ್ತ ಇಳಿದಿದೆ, ಯಾವುದರ ದನಿಗೆ ಕಿವಿಗೊಡಬೇಕು ಎಂಬಷ್ಟನ್ನು ಅದು ಹೇಳಬಲ್ಲದು. ಅದನ್ನು ನಂಬಿ ಬೋಟು ಎಲ್ಲಿದೆ ಎಂದು ನಿರ್ಧರಿಸಲಾಗದು. ಅದಕ್ಕೆ ನಿಖರವಾದ ವಿವರವೇ ಬೇಕು, ಮತ್ತು ಅದರ ಆಯುಸ್ಸು ಸುಮಾರು ನಾಲ್ಕು ಗಂಟೆ ಮಾತ್ರ! ಆದುದರಿಂದ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಉಪಗ್ರಹ ಹೊಸ ವಿವರವನ್ನು ಹೇಳತೊಡಗುತ್ತದೆ, ಪೆಟ್ಟಿಗೆ ಹಳತನ್ನು ಬಿಟ್ಟು ಹೊಸತನ್ನು ಹಿಡಿಯುತ್ತದೆ. ಐವತ್ತೆರಡು ದಿನ ಮಲಗಿದ್ದ ಪೆಟ್ಟಿಗೆಯ ಬಳಿ ಪಂಚಾಂಗವಿದೆ, ನಿಖರ ವಿವರವಿಲ್ಲ. ಕಾಣುವ ಉಪಗ್ರಹಗಳ ಕಂತನ್ನು ಪೂರ್ತಿ ಕೇಳುವ ತನಕ ಅದು ಬಾಯಿ ಬಿಡುವುದಿಲ್ಲ. ಒಳಗಿನ ಬ್ಯಾಟರಿ ಸತ್ತು ಪಂಚಾಂಗವೂ ಅಳಿಸಿಹೋಗಿದ್ದರೆ ಆಕಾಶವನ್ನೆಲ್ಲ ಹುಡುಕಬೇಕಾಗುತ್ತದೆ, ಇನ್ನೂ ತಡವಾಗುತ್ತದೆ. ನಿಮ್ಮ ಮನೆಯ ಮೊಬೈಲ್ ಫೋನು ಇಷ್ಟು ಕಾಯಿಸುವುದಿಲ್ಲ, ಏಕೆಂದರೆ ಈ ವಿವರಗಳನ್ನು ಅದು ಮೊಬೈಲ್ ಜಾಲದಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ನಡುಗಡಲಿನಲ್ಲಿ ಆ ಸೌಕರ್ಯವಿಲ್ಲ.

ಉಪಗ್ರಹಕ್ಕೆ ತನ್ನ ಕಕ್ಷೆ ತಾನಾಗಿ ಗೊತ್ತಿರುತ್ತದೆಯೇ? ಇಲ್ಲ. ಭೂಮಿಯ ಮೇಲೆ ಹಲವು ಕಡೆ ಇರುವ ನಿಲ್ದಾಣಗಳು ಹಗಲಿರುಳು ಅದನ್ನು ಗಮನಿಸುತ್ತವೆ. ಚಂದ್ರನ ಸೆಳೆತ, ಸೂರ್ಯನ ಸೆಳೆತ, ಬಿಸಿಲಿನ ತಳ್ಳಾಟ, ಸಮ ಗೋಲವಲ್ಲದ ಭೂಮಿಯ ಆಕಾರ ಇವುಗಳಿಂದ ಉಪಗ್ರಹ ಲೆಕ್ಕದ ದಾರಿಯನ್ನು ಬಿಟ್ಟು ಚೂರು ಚೂರೇ ಸರಿಯುತ್ತದೆ. ಎಷ್ಟು ಸರಿಯಿತೆಂದು ನೋಡಿ, ಮುಂದಿನ ದಾರಿಯನ್ನು ಮತ್ತೆ ಲೆಕ್ಕ ಹಾಕಿ, ಆ ಸಂಖ್ಯೆಗಳನ್ನು ಮೇಲಕ್ಕೆ ಕಳುಹಿಸುತ್ತಾರೆ. ಆ ಸಂಖ್ಯೆಗಳ ಚೌಕಟ್ಟು 1609ರಲ್ಲಿ ಜರ್ಮನಿಯ ಕೆಪ್ಲರ್ ಕಂಡ ಅಂಡಾಕಾರದ ಕಕ್ಷೆಯದು. ತಿದ್ದುಪಡಿಗಳು ಮಾತ್ರ ಹೊಸತು. ಭಾರತವೂ 2013ರಿಂದ ತನ್ನದೇ ಆದ ಸ್ಥಾನ ನಿರ್ದೇಶಕ ಉಪಗ್ರಹಗಳನ್ನು ಹಾರಿಸಿದೆ. ನಾವಿಕ್ ಎಂಬ ಆ ಏರ್ಪಾಡಿಗೆ ಇಂಥ ಲೆಕ್ಕ ನಡೆಯುವ ಕೇಂದ್ರವನ್ನು ಅದೇ ವರ್ಷ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ತೆರೆದರು.

ನಿಳಾ ದಡದ ಮನುಷ್ಯ ಐವತ್ತೈದು ವರ್ಷ ಒಬ್ಬರೇ ಮಾಡಿದುದೂ ಇದೇ ಕೆಲಸ. ಅವರ ಕೈಯಲ್ಲಿದ್ದ ಪರಹಿತ ಒರಟು ಪಂಚಾಂಗ, ಅವರು ಬರೆದ ದೃಗ್ಗಣಿತ ಹೊಸ ಕಂತು. ಎರಡು ಗಂಟೆಯ ಬದಲು ಏಳೂವರೆ ಶತಮಾನ ಕಳೆದಿತ್ತು, ಅಷ್ಟೆ.

ಹೊಸ ಗಣಿತ ಬಂದೊಡನೆ ಎಲ್ಲರೂ ಹಳೆಯದನ್ನು ಬಿಟ್ಟರೆಂದು ತಿಳಿಯಬಾರದು. ಗ್ರಹಣ, ಜಾತಕ ಮುಂತಾದವಕ್ಕೆ ದೃಕ್ ಬಂತು. ಮುಹೂರ್ತ, ವ್ರತಾದಿಗಳಿಗೆ ಪರಹಿತವೇ ಬಹುಕಾಲ ಉಳಿಯಿತು. ಪರಮೇಶ್ವರರು ಇದಕ್ಕಾಗಿ ಯಾರೊಡನೆಯೂ ಕಾದಾಡಿದಂತೆ ತೋರುವುದಿಲ್ಲ. ಅವರು ಬರೆಯುತ್ತ ಹೋದರು. ಗೋಲದೀಪಿಕೆ 1443ರದ್ದು. ಗ್ರಹಣಮಂಡನ, ಗ್ರಹಣನ್ಯಾಯದೀಪಿಕೆ ಎಂಬವು ಗ್ರಹಣಕ್ಕೇ ಮೀಸಲು. ಆರ್ಯಭಟೀಯ, ಸೂರ್ಯಸಿದ್ಧಾಂತ, ಲೀಲಾವತಿಗಳಿಗೆ ವ್ಯಾಖ್ಯಾನಗಳಿವೆ. ವೃತ್ತದೊಳಗೆ ಕೂರಿಸಿದ ಚತುರ್ಭುಜದ ನಾಲ್ಕು ಬಾಹುಗಳಿಂದ ಆ ವೃತ್ತದ ತ್ರಿಜ್ಯವನ್ನು ಕಂಡುಹಿಡಿಯುವ ಸೂತ್ರ ಅವರದು. ಯುರೋಪಿನಲ್ಲಿ ಅದು ಬಂದದ್ದು 1782ರಲ್ಲಿ. ಹತ್ತನೆಯ ತರಗತಿಯವರು ಗಣಿತದ ಅಧ್ಯಾಪಕರಲ್ಲಿ ಈ ಸೂತ್ರವನ್ನು ಕೇಳಿ ತಿಳಿದುಕೊಳ್ಳಬಹುದು.

ಹದಿನೈದನೆಯ ಶತಮಾನದ ನಡುಭಾಗ ದಾಟುವ ತನಕ ಅವರು ಬದುಕಿದ್ದರು. ಮಗ ದಾಮೋದರ ತಂದೆಯ ವಿದ್ಯೆಯನ್ನು ಮುಂದುವರಿಸಿದರು. 1444ರಲ್ಲಿ ಹುಟ್ಟಿದ ನೀಲಕಂಠ ಸೋಮಯಾಜಿ ಆ ಮನೆಯಲ್ಲೇ ದಾಮೋದರರ ಬಳಿ ಕಲಿತರು. ಅವರು 1500ರ ಸುಮಾರಿಗೆ ತಂತ್ರಸಂಗ್ರಹವನ್ನು ಬರೆದಾಗ ಬುಧ, ಶುಕ್ರರ ಲೆಕ್ಕವನ್ನು ಮತ್ತೆ ತಿದ್ದಿದರು. ಲೆಕ್ಕ ನೋಟಕ್ಕೆ ಒಪ್ಪದಿದ್ದರೆ ಪರೀಕ್ಷೆ ಮಾಡಿ ಬದಲಿಸಬೇಕೆಂದು ವಾದಿಸಲು ಜ್ಯೋತಿರ್ಮೀಮಾಂಸೆ ಎಂಬ ಗ್ರಂಥವನ್ನೇ ಬರೆದರು. ಅಜ್ಜ ಗುರುಗಳ ಮೇಲೆ ಅವರಿಗಿದ್ದ ಭಕ್ತಿ ಇದರಿಂದ ಕಡಿಮೆಯಾದುದೇನೂ ಕಾಣದು.

1874ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕೆರ್ನ್ ಎಂಬ ವಿದ್ವಾಂಸರು ಆರ್ಯಭಟೀಯವನ್ನು ಅಚ್ಚು ಹಾಕಿಸಿದಾಗ ಅದರ ಜೊತೆಗೆ ಮುದ್ರಿಸಿದ್ದು ಪರಮೇಶ್ವರರ ವ್ಯಾಖ್ಯಾನವನ್ನೇ. ಮುಂದೆ 1975ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿ ಸೀಮೆಯ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಸಿದ್ಧವಾದ ನಮ್ಮ ದೇಶದ ಮೊದಲ ಉಪಗ್ರಹಕ್ಕೆ ಆರ್ಯಭಟರ ಹೆಸರನ್ನೇ ಇಟ್ಟರು. ದೃಗ್ಗಣಿತ ಮಾತ್ರ ತಾಳೆಗರಿಯಲ್ಲೇ ಉಳಿದಿತ್ತು. ಕೆ. ವಿ. ಶರ್ಮ ಎಂಬ ಕೇರಳದ ವಿದ್ವಾಂಸರು ಅದನ್ನು ಸಂಪಾದಿಸಿ 1963ರಲ್ಲಿ ದೂರದ ಪಂಜಾಬಿನ ಹೋಶಿಯಾರ್‌ಪುರದಲ್ಲಿ ಅಚ್ಚು ಮಾಡಿಸಿದರು.

ನೀವು ಕುಂಬಳೆಯಲ್ಲೋ ಕಾಸರಗೋಡಿನಲ್ಲೋ ರೈಲು ಹತ್ತಿ ಷೊರನೂರಿಗೆ ಹೋಗುವುದಾದರೆ ಕೋಳಿಕ್ಕೋಡು ದಾಟಿದ ಮೇಲೆ ಬಲಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಿ. ತಿರೂರು ಬರುತ್ತದೆ, ನೀಲಕಂಠರ ಊರು ಅದರ ಪಕ್ಕದಲ್ಲೇ. ಆ ಮೇಲೆ ತಿರುನಾವಾಯ ಎಂಬ ಚಿಕ್ಕ ನಿಲ್ದಾಣ, ಹರಿದತ್ತರು ಪರಹಿತವನ್ನು ಸಾರಿದ ಸ್ಥಳ. ಕುಟ್ಟಿಪ್ಪುರಂ ಕಳೆದರೆ ಮರಳಿನ ನಡುವೆ ಅಗಲವಾದ ಒಂದು ಹೊಳೆ ಬಹಳ ದೂರ ರೈಲಿನ ಜೊತೆಜೊತೆಗೇ ಬರುತ್ತದೆ. ಅದೇ ನಿಳಾ.